ಕಂಬಳಿ ಕೊಟ್ಟರೆ ಬೇಡ ಅಂದರು: ಬೀದಿಯಲ್ಲಿ ಮಲಗುವವರಿಗೆ ನಾವೇನು ಮಾಡಬಹುದು?

ಪ್ರಶ್ನೆ (ಬಿ.ಕಾಂ. ವಿದ್ಯಾರ್ಥಿನಿ, ಬೆಂಗಳೂರು):
ಮೇಡಂ, ನಾವು ಎಂಟು ಜನ ಫ್ರೆಂಡ್ಸ್ ದುಡ್ಡು ಹಾಕಿ ಕಂಬಳಿ ಕೊಂಡು, ಮೆಜೆಸ್ಟಿಕ್ ಸುತ್ತ ಫುಟ್‌ಪಾತಿನಲ್ಲಿ ಮಲಗುವವರಿಗೆ ಕೊಡುತ್ತೇವೆ. ಕಳೆದ ಭಾನುವಾರ ರಾತ್ರಿ ಒಬ್ಬ ತಾತ "ಬೇಡ, ತಗೊಂಡು ಹೋಗಿ" ಎಂದು ರೇಗಿದರು. ತುಂಬಾ ಬೇಜಾರಾಯಿತು. ನಾವು ಮಾಡುತ್ತಿರುವುದು ತಪ್ಪಾ?

ಉತ್ತರ (ಸಮಾಜ ಕಾರ್ಯಕರ್ತೆ, ನಿರಾಶ್ರಿತರ ಆಶ್ರಯ ಕೇಂದ್ರ):
ತಪ್ಪಲ್ಲಮ್ಮ. ಆದರೆ ತಾತನ ಕಷ್ಟ ನೋಡಿ. ಅಂಗಡಿ ಬಾಗಿಲು ತೆಗೆಯುವ ಮೊದಲೇ ಎದ್ದು ಜಾಗ ಬಿಡಬೇಕು. ಹಗಲೆಲ್ಲ ಆ ಕಂಬಳಿ ಎಲ್ಲಿಡುತ್ತಾರೆ? ಹೊತ್ತುಕೊಂಡು ತಿರುಗಿದರೆ ಕೂಲಿಗೆ ಯಾರೂ ಕರೆಯುವುದಿಲ್ಲ. ಬಿಟ್ಟು ಹೋದರೆ ಸಂಜೆಗೆ ಇರುವುದಿಲ್ಲ. ಮಲಗಿದ್ದವರನ್ನು ಎಬ್ಬಿಸಿದಿರಾ? ಫೋಟೋ ತೆಗೆದಿರಾ? ಹಾಗಿದ್ದರೆ ಸಿಟ್ಟು ಬಂದೇ ಬರುತ್ತದೆ.

ಹತ್ತು ರಸ್ತೆ ಸುತ್ತಬೇಡಿ. ಒಂದೇ ಬೀದಿ ಹಿಡಿಯಿರಿ. ವಾರವಾರ ಅದೇ ಹೊತ್ತಿಗೆ, ಎಲ್ಲರೂ ಮಲಗುವ ಮುಂಚೆ ಹೋಗಿ. ಬರಿಗೈಲಿ ಹೋದರೂ ಪರವಾಗಿಲ್ಲ. ಟೀ ಕುಡಿಯುತ್ತಾ ಕೂತು ಮಾತಾಡಿ. ಒಂದು ತಿಂಗಳಾಗುವಷ್ಟರಲ್ಲಿ ಏನು ಬೇಕು ಅಂತ ಅವರೇ ಹೇಳುತ್ತಾರೆ. ನನ್ನ ಹತ್ತಿರ ಜಾಸ್ತಿ ಜನ ಕೇಳಿರುವುದು ಊಟವಲ್ಲ, ಗುರುತಿನ ಕಾರ್ಡು. ಮೊದಲ ಒಂದೆರಡು ಸಲ ಆಶ್ರಯ ಕೇಂದ್ರದವರ ಜೊತೆಗೇ ಹೋಗಿ.

ಪ್ರಶ್ನೆ (ಅದೇ ವಿದ್ಯಾರ್ಥಿನಿ):
ವಿಳಾಸವೇ ಇಲ್ಲದವರಿಗೆ ಕಾರ್ಡು ಹೇಗೆ ಸಿಗುತ್ತದೆ ಮೇಡಂ? ಅವರನ್ನು ನಿಮ್ಮಂಥ ಕೇಂದ್ರಕ್ಕೇ ಸೇರಿಸಿದರೆ ಆಗಲ್ವಾ?

ಉತ್ತರ:
ಲಕ್ಷ ಜನರಿಗೆ ಒಂದಾದರೂ ಆಶ್ರಯ ಕೇಂದ್ರ ಇರಬೇಕು ಎಂದು ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ಕೇಂದ್ರ ಇದ್ದರೂ ಎಲ್ಲರೂ ಬರುವುದಿಲ್ಲ. ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರಿಗೆ ಬೆಳಗಿನ ಜಾವ ಮಾರ್ಕೆಟ್ಟಿನ ಪಕ್ಕದಲ್ಲೇ ಇರಬೇಕು. ಕೇಂದ್ರ ಎಲ್ಲಿದೆ ಅಂತ ತಿಳಿಸಿ, ಬಂದರೆ ಕರೆದುಕೊಂಡು ಬನ್ನಿ. ಒತ್ತಾಯ ಬೇಡ.

ಕಾರ್ಡಿನ ವಿಷಯ ನಿಜವಾಗಿ ನಿಮ್ಮಂಥವರ ಕೆಲಸ. ಮನೆಯಿಲ್ಲದವರೂ ವೋಟರ್ ಪಟ್ಟಿಗೆ ಸೇರಲು ಫಾರಂ 6 ಕೊಡಬಹುದು. ಮಲಗುವ ಜಾಗವನ್ನೇ ವಿಳಾಸವಾಗಿ ಬರೆದರೆ ಸಾಕು. ಚುನಾವಣಾ ಆಯೋಗದ ನಿಯಮದಂತೆ ಬಿಎಲ್‌ಒ (ಆ ಮತಗಟ್ಟೆಯ ವೋಟರ್ ಪಟ್ಟಿ ನೋಡಿಕೊಳ್ಳುವ ಅಧಿಕಾರಿ) ಒಂದಕ್ಕಿಂತ ಹೆಚ್ಚು ರಾತ್ರಿ ಬಂದು, ಅವರು ಅಲ್ಲೇ ಮಲಗುತ್ತಾರಾ ಎಂದು ನೋಡಬೇಕು. ಫಾರಂ ತುಂಬಿಕೊಡಿ, ಬಿಎಲ್‌ಒ ಯಾರು ಅಂತ ಹುಡುಕಿ, ಆ ರಾತ್ರಿ ಜೊತೆಗಿರಿ. ಕೂಲಿಯವರು ಒಂದು ದಿನ ಕಚೇರಿಯಲ್ಲಿ ಕ್ಯೂ ನಿಂತರೆ ಆ ದಿನದ ದುಡಿಮೆ ಹೋಯಿತು. ಆ ಓಡಾಟ ನೀವು ಮಾಡಿದರೆ ನೂರು ಕಂಬಳಿಗಿಂತ ದೊಡ್ಡದು.

ಪ್ರಶ್ನೆ (ಡಿಪ್ಲೊಮಾ ವಿದ್ಯಾರ್ಥಿ, ಹುಬ್ಬಳ್ಳಿ):
ಮೇಡಂ, ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಹೆಂಗಸು ತಮ್ಮಷ್ಟಕ್ಕೆ ಮಾತಾಡಿಕೊಳ್ಳುತ್ತಾ ಇರುತ್ತಾರೆ. ನಾವೇ ಆಟೋ ಮಾಡಿ ಆಸ್ಪತ್ರೆಗೆ ಸೇರಿಸಬಹುದಾ?

ಉತ್ತರ:
ಬಲವಂತವಾಗಿ ಕರೆದೊಯ್ಯಬೇಡಿಪ್ಪ, ಹೆದರಿ ಓಡಿಬಿಡುತ್ತಾರೆ. 112ಕ್ಕೆ ಫೋನ್ ಮಾಡಿ. ಮಾನಸಿಕ ಕಾಯಿಲೆಯಿಂದ ತಮ್ಮನ್ನು ತಾವು ನೋಡಿಕೊಳ್ಳಲಾಗದೆ ಅಲೆಯುವವರನ್ನು ರಕ್ಷಿಸಿ, 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸುವುದು ಪೊಲೀಸರ ಕರ್ತವ್ಯ. ಲಾಕಪ್ಪಿನಲ್ಲಿ ಇಡುವಂತಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 100ನೇ ಸೆಕ್ಷನ್ ಇದನ್ನೇ ಹೇಳುತ್ತದೆ. ಠಾಣೆಯಲ್ಲಿ ಆ ಸೆಕ್ಷನ್ ನಂಬರನ್ನು ವಿನಯದಿಂದಲೇ ನೆನಪಿಸಿ. ನಿಮ್ಮ ಪಕ್ಕದ ಧಾರವಾಡದಲ್ಲೇ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆಸ್ಪತ್ರೆ ಇದೆ. ಮಕ್ಕಳು ಕಂಡರೆ 1098, ವಯಸ್ಸಾದವರಿಗೆ 14567.

ನಿಮ್ಮ ಗುಂಪಿನ ಹುಡುಗಿಯರು ಆ ಹೆಂಗಸಿನ ಹತ್ತಿರ ಕೂತು ಮಾತಾಡಲಿ. ಊರು, ದೇವಸ್ಥಾನ, ಮಗನ ಹೆಸರು, ಏನೇ ಬಾಯಿಗೆ ಬಂದರೂ ಬರೆದುಕೊಳ್ಳಿ. ಅಂಥ ಒಂದೇ ಮಾತು ಹಿಡಿದು ನಾವು ಮನೆಯವರನ್ನು ಹುಡುಕಿದ್ದಿದೆ.