ಹಾವೇ ಇಲ್ಲದ ಹಾವಿನ ಎಣ್ಣೆಗೆ ಬರೀ 20 ಡಾಲರ್ ದಂಡ ಯಾಕೆ?

ಹಳೇಕಡತ:
ಅಮೆರಿಕದ 1906ರ ಆಹಾರ ಮತ್ತು ಔಷಧ ಕಾಯ್ದೆಯಡಿ ಸರ್ಕಾರ ಅಚ್ಚು ಹಾಕಿಸುತ್ತಿದ್ದ ತೀರ್ಪಿನ ಪ್ರಕಟಣೆಗಳನ್ನು ಓದುತ್ತಿದ್ದೇನೆ. ಎರಡು ಸಂಗತಿ ತಲೆಗೆ ಹತ್ತುತ್ತಿಲ್ಲ. ಕ್ಲಾರ್ಕ್ ಸ್ಟಾನ್ಲಿಯ ಹಾವಿನ ಎಣ್ಣೆ ಶುದ್ಧ ಮೋಸ, ಆದರೂ ದಂಡ 20 ಡಾಲರ್. ಎಕ್‌ಮನ್ಸ್ ಆಲ್ಟರೇಟಿವ್ ಎಂಬ ಮದ್ದಿನ ಕೇಸಿನಲ್ಲಿ ಸರ್ಕಾರದ ಎದುರು ಪಕ್ಷ ‘ಏಳು ಪೆಟ್ಟಿಗೆಗಳು’! ಪೆಟ್ಟಿಗೆ ಮೇಲೆ ಕೇಸು ಹಾಕೋದು ಹೇಗೆ?

ಜಪ್ತಿಪತ್ರ:
ಮೊದಲು ಪೆಟ್ಟಿಗೆ ವಿಷಯ. ಕಾಯ್ದೆಯಲ್ಲಿ ಎರಡು ದಾರಿ ಇದ್ದವು: ಮಾಲು ಕಳಿಸಿದವನ ಮೇಲೆ ಕ್ರಿಮಿನಲ್ ಮೊಕದ್ದಮೆ, ಇಲ್ಲವೇ ಮಾಲಿನ ಮೇಲೇ ಜಪ್ತಿ ದಾವೆ. ಎರಡನೆಯದರಲ್ಲಿ ಪೆಟ್ಟಿಗೆಯೇ ಪ್ರತಿವಾದಿ. ಯಾರೂ ಹಕ್ಕು ಸಾಧಿಸಲು ಬರದಿದ್ದರೆ ಕೋರ್ಟು ಮುಟ್ಟುಗೋಲಿಗೆ ಆದೇಶಿಸುತ್ತಿತ್ತು, ಮಾಲು ನಾಶವಾಗುತ್ತಿತ್ತು ಅಥವಾ ಮಾರಾಟವಾಗುತ್ತಿತ್ತು. ಬಂದರೆ ಖರ್ಚು ಕಟ್ಟಿ, ಬಾಂಡ್ ಬರೆದುಕೊಟ್ಟು ಬಿಡಿಸಿಕೊಳ್ಳಬಹುದಿತ್ತು. ಯಾವ ದಾರಿ ಹಿಡಿದರೂ ಮಾಲು ರಾಜ್ಯದ ಗಡಿ ದಾಟಿದ್ದಕ್ಕೆ ಪುರಾವೆ ಬೇಕು. ತಯಾರಾದ ರಾಜ್ಯದೊಳಗೇ ಮಾರಿದರೆ ಈ ಕಾಯ್ದೆ ಮುಟ್ಟುತ್ತಿರಲಿಲ್ಲ. ಸ್ಟಾನ್ಲಿ ಸಿಕ್ಕಿಬಿದ್ದದ್ದು 1915ರಲ್ಲಿ ರೋಡ್ ಐಲೆಂಡ್‌ನಿಂದ ಮ್ಯಾಸಚೂಸೆಟ್ಸ್‌ಗೆ ಕಳಿಸಿದ ಸರಕಿನಿಂದ.

ದಂಡಕ್ಕೆ ಬಂದರೆ, ಹೀಗೆ ಸರಕು ಕಳಿಸಿದ ಮೊದಲ ತಪ್ಪಿಗೆ ಗರಿಷ್ಠ ಮಿತಿಯೇ 200 ಡಾಲರ್. ಆಮೇಲಿನ ತಪ್ಪಿಗೆ 300, ಅಥವಾ ಒಂದು ವರ್ಷದವರೆಗೆ ಜೈಲು, ಅಥವಾ ಎರಡೂ. ಸ್ಟಾನ್ಲಿ ವಾದಕ್ಕೆ ನಿಲ್ಲದೆ ಆರೋಪಕ್ಕೆ ತಕರಾರಿಲ್ಲ ಅಂದುಬಿಟ್ಟ.

ಬುರುಡೆಗಾಜು:
ಆ ಬಾಟಲಿಯಲ್ಲಿ ಸರ್ಕಾರಿ ರಸಾಯನಜ್ಞರಿಗೆ ಸಿಕ್ಕಿದ್ದು ತೆಳು ಖನಿಜ ತೈಲ, ಸುಮಾರು ಶೇ. 1ರಷ್ಟು ಕೊಬ್ಬಿನೆಣ್ಣೆ, ಮೆಣಸಿನಕಾಯಿ ಸತ್ವ, ಬಹುಶಃ ಲೇಶಮಾತ್ರ ಕರ್ಪೂರ ಮತ್ತು ಟರ್ಪೆಂಟೈನ್. ಹಚ್ಚಿದರೆ ಉರಿಯುತ್ತೆ, ಗಿರಾಕಿ ‘ಕೆಲಸ ಮಾಡ್ತಿದೆ’ ಅಂದುಕೊಳ್ಳುತ್ತಾನೆ.

ಪ್ರಕಟಣೆ ಓದುವಾಗ ಆರೋಪ ಯಾವ ಜಾತಿಯದು ಅಂತ ನೋಡಿ. ಆಲ್ಕೋಹಾಲ್, ಮಾರ್ಫಿನ್, ಅಫೀಮು, ಕೊಕೇನ್, ಅಸಿಟಾನಿಲೈಡ್ (ನೋವು, ಜ್ವರದ ಮದ್ದು) ಇಂಥವುಗಳ ಪ್ರಮಾಣವನ್ನು ಲೇಬಲ್ ಮೇಲೆ ನಮೂದಿಸಲೇಬೇಕಿತ್ತು. ಅದು ತಪ್ಪಿದ್ದರೆ ಪ್ರಯೋಗಾಲಯದ ವರದಿಯೇ ಸಾಕು. ‘ಗುಣವಾಗುತ್ತೆ’ ಅನ್ನುವ ಸುಳ್ಳು ಹಾಗಲ್ಲ. 1911ರಲ್ಲಿ ಕ್ಯಾನ್ಸರ್ ಮದ್ದು ಮಾರುತ್ತಿದ್ದ ಜಾನ್ಸನ್ ಕೇಸಿನಲ್ಲಿ ಸುಪ್ರೀಂ ಕೋರ್ಟು, ಕಾಯ್ದೆ ಹಿಡಿಯೋದು ಪದಾರ್ಥ ಏನು ಅನ್ನೋದರ ಸುಳ್ಳನ್ನು ಮಾತ್ರ ಅಂದಿತು. 1912ರ ಶರ್ಲಿ ತಿದ್ದುಪಡಿ ಗುಣದ ಸುಳ್ಳನ್ನೂ ಸೇರಿಸಿತು, ಆದರೆ ‘ಸುಳ್ಳು ಮತ್ತು ವಂಚನೆಯ’ ಹೇಳಿಕೆ ಆಗಿರಬೇಕು ಎಂಬ ಷರತ್ತಿನೊಂದಿಗೆ. ಆ ‘ಮತ್ತು’ವಿನಲ್ಲೇ ಎಷ್ಟೋ ಜನ ನುಸುಳಿಕೊಂಡರು: ‘ನಾನು ನಿಜವಾಗಿ ನಂಬಿದ್ದೆ’ ಅಂದರೆ ಮನಸ್ಸಿನೊಳಗಿನ ಮೋಸವನ್ನು ಸರ್ಕಾರ ಸಾಬೀತು ಮಾಡಬೇಕು.

ಜಪ್ತಿಪತ್ರ:
ಸರಿ. ನೀವು ಕೇಳಿದ ಎಕ್‌ಮನ್ ಕೇಸು ಮುಖ್ಯವಾಗೋದೂ ಅದಕ್ಕೇ. 1916ರಲ್ಲಿ ಸುಪ್ರೀಂ ಕೋರ್ಟು ಶರ್ಲಿ ತಿದ್ದುಪಡಿಯನ್ನು ಎತ್ತಿಹಿಡಿದು, ಪೊಟ್ಟಣದೊಳಗಿನ ಚೀಟಿಯ ಸುಳ್ಳೂ ಲೆಕ್ಕಕ್ಕೆ ಬರುತ್ತೆ ಅಂದಿತು. ಪತ್ರಿಕೆ ಜಾಹೀರಾತು ಮಾತ್ರ ಹೊರಗೇ ಉಳಿಯಿತು. ಹಾಗಾಗಿ ಚಾಣಾಕ್ಷರು ಲೇಬಲ್ ಸಪ್ಪೆ ಮಾಡಿ, ಬಡಾಯಿಯನ್ನೆಲ್ಲ ಪೇಪರಿಗೆ ಸಾಗಿಸಿದರು.

ಅಳತೆಗೋಲು:
ಇನ್ನೊಂದು ಬಲೆ: ಲೇಬಲ್ ಮೇಲಿನ ‘1906ರ ಕಾಯ್ದೆಯಡಿ ಗ್ಯಾರಂಟಿ’ ಎಂಬ ಒಕ್ಕಣೆ. ಗ್ಯಾರಂಟಿ ಕೊಟ್ಟವನು ತಯಾರಕ, ಸರ್ಕಾರ ಅಲ್ಲ. ಜನ ಅದನ್ನು ಸರ್ಕಾರಿ ಮುದ್ರೆ ಅಂತ ಓದಿಕೊಂಡರು.

ಲೇಬಲ್ ಮೇಲಿನ ಒಂದೇ ಪದಕ್ಕೆ ಕಾಯ್ದೆ ಎಷ್ಟು ಜೋತುಬಿದ್ದಿತ್ತು ಅನ್ನೋಕೆ 1937ರ ಎಲಿಕ್ಸಿರ್ ಸಲ್ಫಾನಿಲಮೈಡ್ ಎಂಬ, ಸೋಂಕಿಗೆ ಕುಡಿಯುವ ಮದ್ದನ್ನು ನೋಡಿ. ಔಷಧ ಕರಗಿಸಿದ್ದು ಡೈಇಥಿಲೀನ್ ಗ್ಲೈಕಾಲ್ ಎಂಬ ವಿಷದಲ್ಲಿ. ಸತ್ತವರು ನೂರಕ್ಕೂ ಹೆಚ್ಚು. ಮಾರುವ ಮುಂಚೆ ಸುರಕ್ಷತೆ ಪರೀಕ್ಷಿಸಿ ಎಂಬ ನಿಯಮವೇ ಆಗ ಇರಲಿಲ್ಲ. ಎಲಿಕ್ಸಿರ್ ಅಂದರೆ ಆಲ್ಕೋಹಾಲ್ ಇರಬೇಕು, ಇದರಲ್ಲಿಲ್ಲ, ಆದ್ದರಿಂದ ಹೆಸರು ಸುಳ್ಳು. ಜಪ್ತಿಗೆ ಸಿಕ್ಕ ಕಾನೂನಿನ ಆಧಾರ ಇಷ್ಟೇ. ‘ದ್ರಾವಣ’ ಅಂತ ಬರೆದಿದ್ದರೆ ಅದೂ ಇರುತ್ತಿರಲಿಲ್ಲ. ಮರುವರ್ಷ, 1938ರಲ್ಲಿ, ಹೊಸ ಕಾಯ್ದೆ ಬಂತು.