ಟಾಪ್ ಕೋಟ್ ಹಚ್ಚಿದ ಕೂಡಲೇ ಉಗುರಿನ ಮೇಲಿನ ಹೂವು ಕಲಸಿಹೋಗುತ್ತಿದೆ, ಏನು ಮಾಡಲಿ?

ತುಂಗೆ ದಡದವಳು (ತೀರ್ಥಹಳ್ಳಿ)
ಯುಗಾದಿಗೆ ಮನೆಯಲ್ಲೇ ಉಗುರಿಗೆ ಮುತ್ತುಗದ ಹೂವು ಬಿಡಿಸಬೇಕು ಅಂತ ಆಸೆ. ತಿಳಿ ಹಸಿರು ಎರಡು ಕೋಟ್, ಮೇಲೆ ಟೂತ್‌ಪಿಕ್‌ನಲ್ಲಿ ಕೇಸರಿ ಎಸಳು. ಅಲ್ಲಿಯವರೆಗೂ ಚೆನ್ನಾಗಿರುತ್ತದೆ. ಕೊನೆಗೆ ಹೊಳಪಿಗೆ ಹಚ್ಚುವ ಬಣ್ಣವಿಲ್ಲದ ಟಾಪ್ ಕೋಟ್ ಎಳೆದರೆ ಕೇಸರಿಯೆಲ್ಲ ಬ್ರಷ್ ಜೊತೆ ತುದಿವರೆಗೆ ಗೀಟಾಗಿ ಬರುತ್ತದೆ. ಸಣ್ಣ ಸಣ್ಣ ಗುಳ್ಳೆ ಬೇರೆ. ಪಾಲಿಶ್ ಹೊಸದೇ. ಫ್ಯಾನ್ ಕೆಳಗೆ ಐದು ನಿಮಿಷ ಒಣಗಿಸುತ್ತೇನೆ.

ಬಣ್ಣದ ಬುಟ್ಟಿ (ಸಾಗರ)
ಪಾಲಿಶ್ ಸರಿಯಾಗಿದೆ, ಒಣಗಿಲ್ಲ ಅಷ್ಟೆ. ಮುಟ್ಟಿದರೆ ಒಣಗಿದ ಹಾಗೆ ಕಾಣುತ್ತದೆ, ಒಳಗೆ ಇನ್ನೂ ಹಸಿ. ಈಥೈಲ್ ಅಸಿಟೇಟ್, ಬ್ಯುಟೈಲ್ ಅಸಿಟೇಟ್‌ನಂಥ ದ್ರಾವಕ ಪಾಲಿಶ್‌ನಲ್ಲೂ ಇರುತ್ತದೆ, ಟಾಪ್ ಕೋಟ್‌ನಲ್ಲೂ ಇರುತ್ತದೆ. ಹಾಗಾಗಿ ಟಾಪ್ ಕೋಟ್ ಕೆಳಗಿನ ಬಣ್ಣವನ್ನು ಮತ್ತೆ ಕರಗಿಸುತ್ತದೆ. ಟೂತ್‌ಪಿಕ್‌ನಲ್ಲಿ ಇಟ್ಟ ಬಣ್ಣ ಉಬ್ಬಿ ಕೂರುತ್ತದಲ್ವಾ, ಅದು ಒಣಗುವುದು ಇನ್ನೂ ನಿಧಾನ.

ಹಸಿರು ಕೋಟ್ ತೆಳ್ಳಗಿರಲಿ. ಹೂವು ಬಿಡಿಸಿದ ಮೇಲೆ ಅರ್ಧ ಗಂಟೆ ಬಿಡಿ. ಆಮೇಲೆ ಬ್ರಷ್ ತುದಿಯಲ್ಲಿ ಟಾಪ್ ಕೋಟ್‌ನ ದಪ್ಪ ಹನಿ ಇಟ್ಟುಕೊಳ್ಳಿ. ಉಗುರಿಗೆ ಆ ಹನಿ ಮಾತ್ರ ತಾಗಬೇಕು, ಬ್ರಷ್‌ನ ಕೂದಲು ತಾಗಬಾರದು. ಬುಡದಿಂದ ತುದಿಗೆ ಒಂದೇ ಸಲ ಎಳೆಯಿರಿ. ಅದೇ ಜಾಗಕ್ಕೆ ಮತ್ತೆ ಬ್ರಷ್ ಹಾಕಬೇಡಿ. ಉಗುರಿನ ಅಂಚಿಗೂ ಸ್ವಲ್ಪ ಸವರಿ, ಇಲ್ಲದಿದ್ದರೆ ಪಾತ್ರೆ ತೊಳೆಯುವಾಗ ಅಲ್ಲಿಂದಲೇ ಏಳುತ್ತದೆ.

ಗುಳ್ಳೆಗೆ ಮೊದಲು ಫ್ಯಾನ್ ನಿಲ್ಲಿಸಿ ಮಾರಾಯ್ರೆ. ಮೇಲಿನ ಪದರ ಬೇಗ ಕೆನೆಗಟ್ಟುತ್ತದೆ, ಒಳಗಿನ ದ್ರಾವಕ ಹೊರಬರಲಾಗದೆ ಗುಳ್ಳೆ ಏಳುತ್ತದೆ. ಬಾಟಲಿಯನ್ನೂ ಕುಲುಕಬೇಡಿ, ಅಂಗೈ ನಡುವೆ ಇಟ್ಟು ಉರುಳಿಸಿ.

ಹೊಸನಗರದ ಹುಡುಗಿ
ನಡುವೆ ಕೇಳ್ತಿದ್ದೇನೆ, ಬೇಜಾರಾಗಬೇಡಿ. ನನ್ನ ಹಳೇ ಪಾಲಿಶ್ ಗಟ್ಟಿಯಾಗಿದೆ. ರಿಮೂವರ್ ಹಾಕಿ ತೆಳು ಮಾಡಬಹುದಾ ಅಕ್ಕ?

ಬಣ್ಣದ ಬುಟ್ಟಿ (ಸಾಗರ)
ಬೇಡ. ರಿಮೂವರ್‌ನಲ್ಲಿ ನೀರು, ಕೆಲವದರಲ್ಲಿ ಎಣ್ಣೆಯೂ ಸೇರಿರುತ್ತದೆ, ಪಾಲಿಶ್ ಕೆಡುತ್ತದೆ. ನೇಲ್ ಪಾಲಿಶ್ ಥಿನ್ನರ್ ಅಂತಲೇ ಸಿಗುತ್ತದೆ, ಎರಡು ಮೂರು ಹನಿ ಸಾಕು. ರಿಮೂವರ್‌ಗೆ ಬೇರೆ ಕೆಲಸ ಇದೆ. ತಲೆಗೆ ಎಣ್ಣೆ ಹಚ್ಚಿದ ಕೈ ಆದರೆ, ಬಣ್ಣದ ಅಡಿಗೆ ಹಚ್ಚುವ ಬೇಸ್ ಕೋಟ್‌ಗೆ ಮೊದಲು ಹತ್ತಿಯಲ್ಲಿ ಎಣ್ಣೆ ಇಲ್ಲದ ರಿಮೂವರ್ ತೆಗೆದುಕೊಂಡು ಉಗುರು ಒರೆಸಿ. ಎಣ್ಣೆ ಪಸೆ ಇದ್ದರೆ ಬಣ್ಣ ಹಿಡಿಯುವುದಿಲ್ಲ.

ತುಂಗೆ ದಡದವಳು (ತೀರ್ಥಹಳ್ಳಿ)
ಅಕ್ಕ, ನೀವು ಹೇಳಿದ ಹಾಗೇ ಹನಿ ತೇಲಿಸಿ ಹಚ್ಚಿದೆ. ಎಡಗೈಯಲ್ಲಿ ಹೂವು ಒಂಚೂರೂ ಕದಡಲಿಲ್ಲ! ತುಂಬಾ ಖುಷಿಯಾಯ್ತು. ಬಲಗೈಗೆ ಮಾತ್ರ ಎಸಳಿನ ಬಾಗು ಬರುತ್ತಿಲ್ಲ. ಬೆಳಿಗ್ಗೆ ಜಗಲಿಯಲ್ಲಿ ಕೂತು ಹಚ್ಚಿದ ಎರಡು ಉಗುರು ಹೊಳಪೇ ಇಲ್ಲದೆ ಬೆಳ್ಳಗೆ ಮಬ್ಬಾಗಿವೆ.

ಬಣ್ಣದ ಬುಟ್ಟಿ (ಸಾಗರ)
ಮಬ್ಬಿಗೆ ಕಾರಣ ಮಂಜಿನ ಪಸೆ ಇರಬೇಕು. ದ್ರಾವಕ ಆರುವಾಗ ಬಣ್ಣದ ಮೈ ತಣ್ಣಗಾಗುತ್ತದೆ, ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಬಿಸಿಲೇರಿದ ಮೇಲೆ, ಒಣಗಿದ ಕೋಣೆಯಲ್ಲಿ ಹಚ್ಚಿ. ಕಿಟಕಿ ತೆರೆದಿರಲಿ, ಒಲೆ ಹತ್ತಿರ ಮಾತ್ರ ಕೂರಬೇಡಿ, ಪಾಲಿಶ್‌ಗೆ ಬೆಂಕಿ ಬೇಗ ಹಿಡಿಯುತ್ತದೆ.

ಬಲಗೈಗೆ ಸುಮ್ನೆ ಸುರಗಿ ಬಿಡಿಸಿ. ಅದೂ ಇದೇ ಕಾಲದ್ದು. ಖಾಲಿ ರೀಫಿಲ್ ತುದಿಯಲ್ಲಿ ನಾಲ್ಕು ಬಿಳಿ ಚುಕ್ಕಿ, ಅದು ಆರಿದ ಮೇಲೆ ನಡುವೆ ಹಳದಿ. ಚುಕ್ಕಿಗೆ ಎಡಗೈಯೂ ಸಾಕು. ಮುತ್ತುಗಕ್ಕೆ ಬುಡದಲ್ಲಿ ಕಪ್ಪುಗಂದು ತೊಟ್ಟು ಇಟ್ಟಿದ್ದೀರಾ? ಅದಿದ್ದರೆ ಕೇಸರಿ ಎದ್ದು ಕಾಣುತ್ತದೆ.