ಒಂದೇ ದಿನದಲ್ಲಿ ಮುಂಬೈಯ ಹಳೇ ವಲಸಿಗರ ಗಲ್ಲಿಗಳು: ಎಲ್ಲಿಂದ ಶುರು ಮಾಡಲಿ?

ಥಾಣೆಗೆ ಹೊಸಬ: ಧಾರವಾಡದಿಂದ ಬಂದು ಎಂಟು ತಿಂಗಳಾಯ್ತು. ಆಫೀಸು, ಮನೆ, ಮಾಲ್ ಬಿಟ್ಟರೆ ಏನೂ ನೋಡಿಲ್ಲ. ಎಲ್ಲೆಲ್ಲಿಂದಲೋ ಬಂದು ಇಲ್ಲೇ ಬೇರೂರಿದವರ ಜಾಗಗಳನ್ನು ನೋಡುವ ಆಸೆ, ಇರಾನಿ, ಚೀನೀ, ಯಹೂದಿ ಯಾರಾದರೂ ಸರಿ. ಭಾನುವಾರ ಮಾತ್ರ ಬಿಡುವು. ಲೋಕಲ್ಲೇ ಗತಿ.

ಕಿಂಗ್ಸ್ ಸರ್ಕಲ್ ಭಟ್ಟ: ಅವರನ್ನೆಲ್ಲ ಹುಡುಕೋ ಮೊದಲು ಮಾಟುಂಗಾದಲ್ಲಿ ಇಳಿಯಿರಿ ಮಾರಾಯ್ರೆ. ಇಲ್ಲಿಯವರ ಲೆಕ್ಕದಲ್ಲಿ ವಲಸೆ ಬಂದವರು ಅಂದರೆ ದಕ್ಷಿಣದಿಂದ ಬಂದ ನಾವೇ ಅಲ್ವಾ! ಸ್ಟೇಷನ್ ಹೊರಗೆ ಮಲ್ಲಿಗೆ, ಕನಕಾಂಬರ ಕಟ್ಟುತ್ತಾ ಕೂತಿರುತ್ತಾರೆ, ಬಾಳೆ ಎಲೆ, ವೀಳ್ಯದೆಲೆ ಎಲ್ಲಾ ಅಲ್ಲೇ. ರಾಮ ನಾಯಕರ ಶ್ರೀಕೃಷ್ಣ ಬೋರ್ಡಿಂಗ್ 1942ರಿಂದ ಊಟ ಹಾಕುತ್ತಿದೆ. ಎಲೆ ಊಟವೇ ತಗೊಳ್ಳಿ, ಅವಸರ ಮಾಡಬೇಡಿ. ಕನ್ನಡಿಗರ ಸಂಘ ಮೈಸೂರು ಅಸೋಸಿಯೇಷನ್ ಇನ್ನೂ ಹಳೇದು, 1926ರದ್ದು.

ಬಂದರು ಗುಮಾಸ್ತ: ಉಂಡು ಅದೇ ಸೆಂಟ್ರಲ್ ಲೈನಲ್ಲಿ ಮಸ್ಜಿದ್‌ಗೆ ಬನ್ನಿ. ಆ ಹೆಸರು ಬಂದದ್ದು ಮಸೀದಿಯಿಂದಲ್ಲ, ಅಲ್ಲಿನ ಸಿನಗಾಗ್‌ನಿಂದ, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರದಿಂದ ಅಂತಾರೆ. ಅದರಲ್ಲಿ ನಮ್ಮ ಕಡೆಯ ಕಥೆಯೂ ಇದೆ. ಕಂಪನಿ ಸೈನ್ಯದಲ್ಲಿದ್ದ ಸ್ಯಾಮುಯೆಲ್ ದಿವೇಕರ್ ಟಿಪ್ಪುವಿಗೆ ಸೆರೆ ಸಿಕ್ಕಿದ್ದ, ಜೀವ ಉಳಿಸಿಕೊಂಡು ಬಂದ ಹರಕೆಗೆ 1796ರಲ್ಲಿ ಕಟ್ಟಿಸಿದನಂತೆ. ಈ ಯಹೂದಿಗಳು ಬೆನೆ ಇಸ್ರೇಲಿಗಳು, ಮನೆಮಾತು ಮರಾಠಿ. ಕೊಂಕಣದಲ್ಲಿ ಎಣ್ಣೆ ಗಾಣ ಇಟ್ಟಿದ್ದರು, ಶನಿವಾರ ಗಾಣ ಮುಟ್ಟುತ್ತಿರಲಿಲ್ಲ, ಅದಕ್ಕೇ ‘ಶನಿವಾರ್ ತೇಲಿ’, ಅಂದರೆ ಶನಿವಾರದ ಗಾಣಿಗರು ಅಂತ ಹೆಸರು.

ಮಝಗಾಂವ್ ಅಕ್ಕ: ಅಲ್ಲಿಂದ ಹಾರ್ಬರ್ ಲೈನಲ್ಲಿ ಎರಡನೇ ಸ್ಟೇಷನ್ ಡಾಕ್‌ಯಾರ್ಡ್ ರೋಡ್. ಹಡಗಿನ ಕೆಲಸಕ್ಕೆ ಬಂದ ಚೀನೀಯರು 1919ರಲ್ಲಿ ಕಟ್ಟಿದ ಸೀ ಯಪ್ ಕೂನ್ ಗುಡಿ ಹತ್ತಿರದಲ್ಲೇ ಇದೆ, ನೋಡಿದರೆ ಯಾರದೋ ಮನೆ ಅನ್ನಿಸುತ್ತದೆ, ಮಹಡಿ ಹತ್ತಬೇಕು. 1962ರ ಯುದ್ಧದ ನಂತರ ಬಹಳ ಮಂದಿ ಊರು ಬಿಟ್ಟರು. ಇರಾನಿ ಚಹಾ ಬೇಕಿದ್ದರೆ ಕಡೆಗೆ ಧೋಬಿ ತಲಾವ್, 1904ರ ಕಯಾನಿ ಹೋಟೆಲು. ಬನ್ ಮಸ್ಕಾವನ್ನು (ಬೆಣ್ಣೆ ಹಚ್ಚಿದ ಬನ್) ಚಹಾಗೆ ಅದ್ದಿ ತಿನ್ನಿ, ಮೇಲೆ ಬೆಣ್ಣೆ ತೇಲಿದರೆ ತೇಲಲಿ. ಆದರೆ ಭಾನುವಾರ ಬೇಡ, ಹಳಿ ರಿಪೇರಿಗೆ ಲೋಕಲ್ ನಿಲ್ಲಿಸುವ ಮೆಗಾ ಬ್ಲಾಕ್! ನಾನು ಒಮ್ಮೆ ಹಾಗೇ ಹೊರಟು ಕುರ್ಲಾದಲ್ಲಿ ಒಂದು ಗಂಟೆ ನಿಂತಿದ್ದೆ.

ಥಾಣೆಗೆ ಹೊಸಬ: ಭಾನುವಾರ ಬ್ಲಾಕ್, ಶನಿವಾರ ಸಿನಗಾಗ್‌ನವರ ಸಬ್ಬತ್, ವಾರದ ವಿಶ್ರಾಂತಿಯ ದಿನ. ಗುರುವಾರ ರಜೆ ಹಾಕ್ತೇನೆ ಬಿಡಿ. ಭಟ್ರೇ, ಎಲೆ ಊಟಕ್ಕೆ ನೀವೂ ಬರ್ತೀರಾ?

ಕಿಂಗ್ಸ್ ಸರ್ಕಲ್ ಭಟ್ಟ: ಹನ್ನೊಂದೂವರೆಗೆ ಬನ್ನಿ. ಆಮೇಲೆ ಬಂದರೆ ಕ್ಯೂ ಜಾಸ್ತಿ.